ಪೂಜೆಯಿಂದ ಏಳದ ಕೀಲಿ

ಬಾಗಿಲು ತೆರೆದ ಕೂಡಲೇ ಅಣ್ಣಾಜಿಗೆ ಗೊತ್ತಾಗಿಹೋಯಿತು, ಈ ಕೋಣೆಯಲ್ಲಿ ಯಾರೂ ಮಲಗಿಲ್ಲ.

ಮಂಚದ ಮೇಲಿನ ಚಾದರದ ಇಸ್ತ್ರಿ ಗೆರೆ ಇನ್ನೂ ಮುರಿದಿರಲಿಲ್ಲ. ಸೋಪಿನ ಕಾಗದ ಬಿಚ್ಚಿರಲಿಲ್ಲ. ಬಚ್ಚಲಿನ ನಲ್ಲಿ ತಿರುವಿದರೆ ಮೊದಲು ಗಾಳಿ ಬುಸ್ ಎಂದು ಬಂತು, ಆಮೇಲೆ ತುಕ್ಕು ನೀರು. ವರಾಂಡದ ಕಡೆಯ ಕಿಟಕಿ ಕಟ್ಟೆಯ ಮೇಲೆ ಕೋಣೆಯ ಚಾವಿ ಬಿದ್ದಿತ್ತು, ಅದರ ಮೇಲೆ ತೆಳ್ಳಗೆ ಧೂಳು ಕೂತಿತ್ತು.

"ಚಾವಿ ಕಿಡಕಿ ಒಳಗ ಇಡ್ರಿ, ಬರೂದು ತಡಾ ಆಗತೈತಿ ಅಂದಿದ್ರು. ಇಟ್ಟಿದ್ದೆ," ಎಂದ ಲಾಡ್ಜಿನ ಮಾಲೀಕ ಇಸಾಕಸಾಬ. ಇನ್ನೊಂದು ಚಾವಿಯಿಂದ ಬಾಗಿಲು ತೆಗೆದುಕೊಟ್ಟವನು ಅವನೇ. ಈಗ ಒಳಗೆ ಕಾಲಿಡಲು ಧೈರ್ಯ ಸಾಲದೆ ಹೊಸ್ತಿಲಲ್ಲೇ ನಿಂತಿದ್ದ.

ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿ ಹಾಲಸಿದ್ದಪ್ಪ ದಸರೆಯ ಆಯುಧ ಪೂಜೆ, ಅಂದರೆ ಖಂಡೇ ಪೂಜೆಯ ಸಂಜೆ ಮನೆಯಿಂದ ಹೊರಬಿದ್ದವನು ರಾಣೆಬೆನ್ನೂರಿನ ಈ ಲಾಡ್ಜಿನಲ್ಲಿ ಮುನಿಸಿಕೊಂಡು ಕೂತಿದ್ದಾನೆ ಎಂದು ಅವನ ಫೋನಿನಿಂದ ಬಂದ ಮೆಸೇಜು ನೋಡಿ ಮನೆಯವರೂ ಪೊಲೀಸರೂ ನಂಬಿದ್ದರು. ನಂಬದೆ ಹಾವೇರಿಯಿಂದ ಅಣ್ಣಾಜಿಯನ್ನು ಕರೆಸಿದವಳು ಅವನ ತಮ್ಮನ ಮಗಳು ಮಧು ಒಬ್ಬಳೇ.

ಅಣ್ಣಾಜಿ ವಿಮಾ ಕಂಪನಿಯಲ್ಲಿ ಸುಟ್ಟ ಅಂಗಡಿ, ಪಲ್ಟಿಯಾದ ಲಾರಿ ನೋಡಿ ಖರೇ ಯಾವುದು ಸುಳ್ಳು ಯಾವುದು ಎಂದು ಹೇಳುತ್ತ ತಲೆ ಬೆಳ್ಳಗೆ ಮಾಡಿಕೊಂಡವನು. ನಿವೃತ್ತಿಯಾದ ಮೇಲೆ ಅದೇ ಮೂಗನ್ನು ನಂಬಿಕೊಂಡು ಪತ್ತೇದಾರಿಗೆ ಇಳಿದಿದ್ದ. ಸುಳ್ಳು ಮನೆಗಳನ್ನು ಅವನು ಬೇಕಾದಷ್ಟು ಕಂಡಿದ್ದ. ಆದರೆ ಇಲ್ಲದ ಮನುಷ್ಯನೊಬ್ಬ ದಿನಾ ಬಾಡಿಗೆ ಕಟ್ಟಿಕೊಂಡು, ಎರಡು ಹೊತ್ತು ಊಟ ತರಿಸಿಕೊಂಡು ವಾಸವಾಗಿದ್ದ ಕೋಣೆಯನ್ನು ನೋಡಿದ್ದು ಇದೇ ಮೊದಲು.

ಊಟದ ವಿಷಯ ಕೇಳಿದ. ಖಾನಾವಳಿಯಿಂದ ರೊಟ್ಟಿ, ಪಲ್ಯ ಬರುತ್ತಿತ್ತಂತೆ. ಬಾಗಿಲ ಹಿಡಿಕೆಗೆ ತೂಗು ಹಾಕಿ ಹೋಗುತ್ತಿದ್ದರಂತೆ. ಸಂಜೆಗೂ ಅಲ್ಲೇ ಇದ್ದರೆ ಕಸ ಹೊಡೆಯುವವಳು ಒಯ್ಯಬೇಕೆಂದು ಗಿರಾಕಿಯೇ ಫೋನಿನಲ್ಲಿ ಹೇಳಿದ್ದನಂತೆ. ಇಸಾಕಸಾಬ ಇದನ್ನೆಲ್ಲ ಹೇಳುತ್ತ ಹೇಳುತ್ತ ತನ್ನ ಮಾತಿಗೆ ತಾನೇ ಬೆದರುತ್ತ ಹೋದ.

"ಮಾರೀನೇ ನೋಡಿಲ್ಲೇನು ನೀವು?"

"ಇಲ್ಲರಿ. ಆದ್ರ ದಿನಾ ಮಾತಾಡೇನ್ರಿ. ಇವತ್ತ ಮುಂಜಾನೇನೂ ಮಾತಾಡಿದ್ರು. ಭಾಳ ಮರ್ಯಾದಿ ಮನುಷ್ಯಾ. ನನ್ನ ಮೊಣಕಾಲ ನೋವಿಗೆ ಎಣ್ಣಿ ಹೇಳ್ಯಾರ, ಹಚ್ಚಾಕತ್ತೇನಿ."

ಅಷ್ಟರಲ್ಲಿ ಅವನ ಅಂಗಿಯ ಕಿಸೆಯೊಳಗೆ ಫೋನು ರಿಂಗಣಿಸಿತು. ನಂಬರು ನೋಡಿ ಅವನ ಮುಖ ಬಿಳುಪೇರಿತು. ಖಾಲಿ ಮಂಚದ ಕಡೆ ಒಮ್ಮೆ ನೋಡಿದ, ಫೋನಿನ ಕಡೆ ಒಮ್ಮೆ ನೋಡಿದ.

"ಇವರರಿ," ಎಂದ ಪಿಸುದನಿಯಲ್ಲಿ.

ಎಲ್ಲರಿಗೂ ಕೇಳುವಂತೆ ಇಡಲು ಅಣ್ಣಾಜಿ ಸನ್ನೆ ಮಾಡಿದ. ಹದವಾದ, ನಿಧಾನದ, ವಯಸ್ಸಾದ ದನಿ. ನಾಳೆಗೂ ಕೋಣೆ ಇರಲಿ, ಹಣ ಕಳಿಸಿದ್ದೇನೆ, ಮುಟ್ಟಿತೋ ಹೇಗೆ ನೋಡಿರಿ ಎಂದಿತು. ಕೆಳಗೆ ಗಲ್ಲೆಯ ಮೇಲಿದ್ದ ಫೋನ್‌ಪಾವತಿಯ ಮಾತಾಡುವ ಡಬ್ಬಿ ಹಣ ಬಂದದ್ದನ್ನು ಅದೇ ಕ್ಷಣ ಜೋರಾಗಿ ಸಾರಿತು. ಅಣ್ಣಾಜಿ ಫೋನು ಇಸಿದುಕೊಂಡ.

"ಹಾಲಸಿದ್ದಪ್ಪನವರ ಏನ್ರಿ ಮಾತಾಡೋದು?"

"ಅಲ್ಲರಿ. ನಾ ಅವರ ಮುನೀಮ."

ಮುನೀಮನ ವಿಷಯ ಮಧು ಅವನಿಗೆ ಹೇಳಿದ್ದಳು. ಆದರೂ ಕೇಳಿಯೇಬಿಟ್ಟ.

"ನೀ ಮನುಷ್ಯಾ ಏನಪಾ?"

"ಅಲ್ಲರಿ. ಕಂಪ್ಯೂಟರಿನ ಸಹಾಯಕ ಅದೇನಿ. ಇಸಾಕಸಾಬ್ರು ಎಂದೂ ಕೇಳಲಿಲ್ಲ, ಹಂಗಾಗಿ ಹೇಳಿರಲಿಲ್ಲ."

ಇಸಾಕಸಾಬ ಒಳಗೆ ಬಂದು ದೊಪ್ಪನೆ ಮಂಚದ ಮೇಲೆ ಕೂತ. ಮೊಣಕಾಲಿನ ಮೇಲೆ ಕೈಯಿಟ್ಟುಕೊಂಡು ಅದನ್ನೇ ನೋಡತೊಡಗಿದ. ಇಷ್ಟು ದಿನ ತನ್ನ ನೋವು ತೋಡಿಕೊಂಡದ್ದು ಯಾರ ಮುಂದೆ ಎಂದು ಅವನಿಗೆ ಈಗ ಅರ್ಥವಾಗಿತ್ತು.

ಯಜಮಾನ ಎಲ್ಲಿದ್ದಾನೆ ಎಂದು ಅಣ್ಣಾಜಿ ಕೇಳಿದ. ಯಜಮಾನರ ವ್ಯವಹಾರ ಹೊರಗಿನವರಿಗೆ ಹೇಳುವುದಿಲ್ಲ ಎಂದು ಮುನೀಮ ಬಲು ನಯವಾಗಿ ಹೇಳಿ ಫೋನಿಟ್ಟ.

ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರಲ್ಲ, ಮುನೀಮ ಆ ಜಾತಿಯವನು. ಬ್ಯಾಡಗಿಯ ಖಾರದಪುಡಿ ತರಿಸಿಕೊಳ್ಳುವ ಹೊರದೇಶದ ಗಿರಾಕಿಗಳು ಈಚೆಗೆ ಹಾಲಸಿದ್ದಪ್ಪನಿಗೆ ಕ್ರಿಪ್ಟೋ ನಾಣ್ಯ ಕಳಿಸತೊಡಗಿದ್ದರು. ಅದನ್ನಿಡಲು ಕಂಪ್ಯೂಟರಿನಲ್ಲೊಂದು ಪಾಕೀಟು. ಪಾಕೀಟು ನೋಡಿಕೊಳ್ಳಲು ಈ ಎಐ ಸಹಾಯಕ: ಮಾತು ತಿಳಿಯುವವನು, ಮಾತಾಡುವವನು, ಹೇಳಿದವರಿಗೆ ನಾಣ್ಯವನ್ನು ರೂಪಾಯಿ ಮಾಡಿ ಕಣ್ಣು ಮಿಟುಕಿಸುವುದರೊಳಗೆ ಮುಟ್ಟಿಸುವವನು. ಕೂತು ಇಷ್ಟನ್ನೂ ಜೋಡಿಸಿದವಳು ಮಧು. ಅಂಗಡಿಯ ಲೆಕ್ಕ ಬರೆಯುವವನಂತೆ ಮುನೀಮ ಎಂದು ಹೆಸರಿಟ್ಟವನು ಹಾಲಸಿದ್ದಪ್ಪ.

ಹಾಲಸಿದ್ದಪ್ಪ ಶಾಣ್ಯಾ ಮನುಷ್ಯ. ತಿಜೋರಿಯನ್ನು ಮುನೀಮನ ಕೈಗೆ ಕೊಟ್ಟರೂ ಅಂಕುಶ ತನ್ನ ಕೈಯಲ್ಲೇ ಇಟ್ಟುಕೊಂಡಿದ್ದ. ಹೆಬ್ಬೆರಳು ಗಾತ್ರದ ಒಂದು ಕರೀ ಕೀಲಿ. ಅದನ್ನು ಲ್ಯಾಪ್‌ಟಾಪಿಗೆ ಚುಚ್ಚಿ, ಅದರ ಮೇಲೆ ತನ್ನ ಹೆಬ್ಬೆಟ್ಟು ಒತ್ತಿದರೆ ಮಾತ್ರ ಮುನೀಮ ಹಣ ಬಿಡುತ್ತಿದ್ದ, ಯಜಮಾನನ ಆಜ್ಞೆ ಎಂದು ಒಪ್ಪುತ್ತಿದ್ದ. ಚಹಾದ ಹಣಕ್ಕೂ ಹೆಬ್ಬೆಟ್ಟು ಬೇಕು.

ಹಾಗಿದ್ದರೆ ಈ ಲಾಡ್ಜಿಗೆ ದಿನಾ ಹೆಬ್ಬೆಟ್ಟು ಒತ್ತುತ್ತಿರುವವನು ಯಾರು?

ಅಣ್ಣಾಜಿ ವರಾಂಡಕ್ಕೆ ಬಂದು ಮಧುವಿಗೆ ಫೋನು ಹಚ್ಚಿದ. ಕೋಣೆ ಖಾಲಿ ಎಂದು ಹೇಳಿ ಹೆಬ್ಬೆಟ್ಟಿನ ವಿಷಯ ಎತ್ತಿದ.

"ಕೀಲಿ ಎಲ್ಲಿ ಅದವಾ?"

"ಪೂಜಿಯೊಳಗ ಕುಂತೈತ್ರಿ ಕಾಕಾರ."

"ದಸರಾ ಮುಗದು ದೀಪಾವಳಿ ಬಂತಲ್ಲ. ಇನ್ನೂ ಪೂಜಿಯೊಳಗ?"

"ಎಬ್ಬಸೂದು ಯಜಮಾನ್ರು. ಅವರ ಇಲ್ಲಲ್ರಿ. ದೊಡ್ಡವ್ವ ಯಾರಿಗೂ ಮುಟ್ಟಾಕ ಬಿಡವಲ್ಲಳು."

ಖಂಡೇ ಪೂಜೆಯ ದಿನ ಆ ಕಡೆಯ ಅಂಗಡಿಗಳಲ್ಲಿ ತಕ್ಕಡಿ, ಚೀಲ ಹೊಲಿಯುವ ದಬ್ಬಣ, ಮೂಟೆ ಎಳೆಯುವ ಕೊಕ್ಕೆ ಎಲ್ಲವೂ ಕುಂಕುಮ ಹಚ್ಚಿಸಿಕೊಂಡು ದೇವಿಯ ಮುಂದೆ ಕೂತುಬಿಡುತ್ತವೆ. ಕೂತ ಮೇಲೆ ಮುಟ್ಟುವಂತಿಲ್ಲ. ಮರುದಿನ ಬನ್ನಿ ಮುಡಿಯುವ ಹೊತ್ತಿಗೆ ಯಜಮಾನ ಕಾಯಿ ಒಡೆದು ಎಬ್ಬಿಸಬೇಕು. ಈ ವರ್ಷ ಹಾಲಸಿದ್ದಪ್ಪ ಲ್ಯಾಪ್‌ಟಾಪನ್ನೂ ಕರೀ ಕೀಲಿಯನ್ನೂ ಸಾಲಿನಲ್ಲಿ ಕೂಡಿಸಿದ್ದ. ಆದರೆ ಹಡಗು ಖಂಡೇ ಪೂಜೆಗೆ ನಿಲ್ಲುವುದಿಲ್ಲವಲ್ಲ. ಬಂದರಿನ ಬಾಡಿಗೆ ಅದೇ ದಿನ ಕಟ್ಟಬೇಕಿತ್ತು. ಅದಕ್ಕೆ ಪೂಜೆಗೆ ಕೂಡಿಸುವ ಮುಂಚೆ ಹೆಬ್ಬೆಟ್ಟು ಒತ್ತಿ ಮುನೀಮನಿಗೊಂದು ಆಜ್ಞೆ ಕೊಟ್ಟಿದ್ದ: ಈ ಕೀಲಿ ಪೂಜೆಯಿಂದ ಎದ್ದು ಮತ್ತೆ ಲ್ಯಾಪ್‌ಟಾಪಿಗೆ ಬರುವತನಕ ಹೆಬ್ಬೆಟ್ಟು ಕೇಳಬೇಡ, ನನ್ನ ಫೋನಿನಿಂದ ಬಂದ ಮಾತು ಸಾಕು.

ಮನೆಯವರೆಲ್ಲ ಅಲ್ಲೇ ನಿಂತಿದ್ದರಂತೆ. ಯಂತ್ರಕ್ಕೂ ಹಬ್ಬದ ರಜೆ ಎಂದು ನಕ್ಕಿದ್ದರಂತೆ.

ಒಂದು ದಿನದ ಮಾತು ಅದು. ಆ ಸಂಜೆಯೇ ಹಾಲಸಿದ್ದಪ್ಪ ಫೋನಿನ ಸಮೇತ ಮಾಯವಾದ. ಕೀಲಿ ಕೂತಲ್ಲೇ ಕೂತಿತು. ಫೋನು ಯಾರ ಕೈಯಲ್ಲಿದೆಯೋ ಅವನೇ ಅಂದಿನಿಂದ ಮುನೀಮನಿಗೆ ಯಜಮಾನ.

ಅಣ್ಣಾಜಿ ಸ್ಕೂಟರ್ ಹತ್ತಿ ಬ್ಯಾಡಗಿಯ ದಾರಿ ಹಿಡಿದ. ಮೋಟೆಬೆನ್ನೂರು ದಾಟುವತನಕ ಅವನಿಗೆ ಒಂದೇ ಯೋಚನೆ. ಗಂಡ ಬರಲಿ ಎಂದು ಹೆಂಡತಿ ಪೂಜೆ ಕಾಯುತ್ತಿದ್ದಾಳೆ, ಅವಳು ಕಾದಷ್ಟು ದಿನ ಕಳ್ಳನ ಕೈ ತೆರವು. ಇಷ್ಟು ಕೆಟ್ಟ ಕೆಲಸವನ್ನು ಅವನು ತನ್ನ ನೌಕರಿಯಲ್ಲೂ ಕಂಡಿರಲಿಲ್ಲ. ಸಿಟ್ಟಿನಲ್ಲಿ ಎರಡು ಸಲ ಗೇರು ತಪ್ಪಿಸಿದ.

ಬ್ಯಾಡಗಿಯ ಹವೆಗೆ ಊರವರು ಸೀನುವುದಿಲ್ಲ, ಬಂದವರು ಸೀನುತ್ತಾರೆ. ಅಣ್ಣಾಜಿ ಮಾರುಕಟ್ಟೆಯ ಬಾಯಿಗೆ ಬರುವಷ್ಟರಲ್ಲಿ ಕಣ್ಣು ಮೂಗು ಒಂದಾಗಿದ್ದವು. ಹಾಲಸಿದ್ದಪ್ಪನ ಅಂಗಡಿಯಲ್ಲಿ ವ್ಯಾಪಾರ ನಡೆದೇ ಇತ್ತು. ಶೀತಗೃಹದಿಂದ ಬಂದ ಹೋದ ವರ್ಷದ ಕಡ್ಡಿ ಮೆಣಸಿನಕಾಯಿ ಚೀಲಗಳನ್ನು ಹಮಾಲರು ತಕ್ಕಡಿಗೆ ಎತ್ತಿ ಹಾಕುತ್ತಿದ್ದರು. ಗಲ್ಲೆಯ ಮೇಲೆ ಕೊಟ್ರೇಶ ಕೂತಿದ್ದ. ಹಾಲಸಿದ್ದಪ್ಪನ ಹೆಂಡತಿಯ ತಮ್ಮ, ಅಕ್ಕನ ಮನೆಯಲ್ಲೇ ಬೆಳೆದವನು, ಮಾವ ಎಂದು ಕರೆಯುವ ಅಕ್ಕನ ಗಂಡನ ಗೈರುಹಾಜರಿಯಲ್ಲಿ ಈಗ ಅಂಗಡಿಯ ಧಣಿ.

ಅಣ್ಣಾಜಿ ಕಾಲು ನಿಲ್ಲಿಸಿ ತಕ್ಕಡಿಯನ್ನು ನೋಡಿದ. ತೊಲೆಯ ಮೇಲೆ ಕುಂಕುಮದ ಕಲೆ ಹಾಗೇ ಇತ್ತು. ಹಮಾಲನ ಕೈಯ ಕೊಕ್ಕೆಗೂ ಕುಂಕುಮ. ಇವು ಪೂಜೆಯಿಂದ ಎದ್ದು ಕೆಲಸಕ್ಕೆ ಬಂದಿದ್ದವು.

ಒಳಗಿನ ಕೋಣೆಗೆ ಹೋದ. ದೇವಿಯ ಪಟದ ಮುಂದೆ ಲ್ಯಾಪ್‌ಟಾಪೂ ಇರಲಿಲ್ಲ, ಅದು ಪಕ್ಕದಲ್ಲಿ ಕೂತಿದ್ದ ಮಧುವಿನ ಮೇಜಿನ ಮೇಲಿತ್ತು. ಬಾಡಿ ಕಂದಿದ ಚೆಂಡುಹೂವಿನ ನಡುವೆ, ಹಿತ್ತಾಳೆ ತಟ್ಟೆಯಲ್ಲಿ, ಕರೀ ಕೀಲಿ ಒಂದೇ ಕೂತಿತ್ತು. ಪಕ್ಕದಲ್ಲಿ ಎಣ್ಣೆ ತುಂಬಿದ ದೀಪ.

ದೀಪದ ಮುಂದೆ ಹಾಲಸಿದ್ದಪ್ಪನ ಹೆಂಡತಿ ಗದಿಗೆವ್ವ. ಹಣೆಗೆ ವಿಭೂತಿ, ದುಂಡು ಕುಂಕುಮ, ಹಬ್ಬಕ್ಕೆ ಉಟ್ಟಂಥ ಇಳಕಲ್ಲ ಸೀರೆ. ಗಂಡ ಯಾವ ಹೊತ್ತಿಗೆ ಬಂದರೂ ಬಾಡಿದ ಮುಖ ಕಾಣಬಾರದೆಂದು ಅವಳು ದಿನಾ ಹೀಗೇ ತಯಾರಾಗುತ್ತಿದ್ದಳೆಂದು ಮಧು ಹೇಳಿದ್ದಳು. ಅವಳನ್ನು ಕಂಡು ಅಣ್ಣಾಜಿಗೆ ದಾರಿಯುದ್ದ ಜೋಡಿಸಿಕೊಂಡು ಬಂದ ಮಾತೆಲ್ಲ ಮರೆತುಹೋಯಿತು.

ಕುಂದ್ರಿ ಎಂದಳು. ನೀರು ತರಿಸಿದಳು. ಅವನು ಕೋಣೆಯ ಸುದ್ದಿ ಹೇಳಿ ಮುಗಿಸುವತನಕ ನಡುವೆ ಬಾಯಿ ಹಾಕಲಿಲ್ಲ. ಆಮೇಲೆ ತನ್ನ ಫೋನು ತೆರೆದು ಅವನ ಮುಂದೆ ಹಿಡಿದಳು. ದಿನಾ ಬೆಳಿಗ್ಗೆ ಗಂಡನ ನಂಬರಿನಿಂದ ಒಂದು ಮಾತು ಬಂದಿತ್ತು. ಆರಾಮ ಅದೇನಿ. ಚಿಂತಿ ಮಾಡಬ್ಯಾಡ. ನಾ ಬಂದು ಕೀಲಿ ಎಬ್ಬಸ್ತೇನಿ.

"ಇವು ಅವರ ಬರದದ್ದಲ್ಲ ಅಂತೀರೇನು?" ಎಂದಳು.

ಮಾವ ಊರು ಬಿಟ್ಟು ಹೋದ ನಾಚಿಕೆಯಲ್ಲಿ ಲಾಡ್ಜು ಬದಲಿಸಿರಬೇಕು, ಖಾಲಿ ಕೋಣೆ ನೋಡಿ ಬಂದು ಹೆಣ್ಣುಮಗಳ ಹೊಟ್ಟೆಯಲ್ಲಿ ಬೆಂಕಿ ಹಾಕುವುದು ಬೇಡ ಎಂದು ಕೊಟ್ರೇಶ ಬಾಗಿಲಿನಿಂದಲೇ ಒದರಿದ. ಯಾವಾಗ ಎದ್ದು ಬಂದನೋ, ಅಣ್ಣಾಜಿ ನೋಡಿರಲಿಲ್ಲ.

"ತಕ್ಕಡಿ ಎಬ್ಬಿಸಿದವರು ಯಾರು ಕೊಟ್ರೇಶಪ್ಪಾ?"

"ನಾನ. ಮಾವನ ಮೆಸೇಜ್ ಬಂದಿತ್ತು. ವ್ಯಾಪಾರ ನಿಲ್ಲಬಾರದು, ತಕ್ಕಡಿ ದಬ್ಬಣಾ ಎಬ್ಬಸ್ರಿ, ಕೀಲಿ ಮಾತ್ರ ನಾ ಬರೂತನಕ ಮುಟ್ಟಬ್ಯಾಡ್ರಿ ಅಂತ. ತೋರಸ್ಲೇನು?"

ಅವನು ತೋರಿಸಿದ. ಮೆಸೇಜು ಇದ್ದದ್ದು ಹೌದು. ಅಣ್ಣಾಜಿ ಅದನ್ನು ಎರಡು ಸಲ ಓದಿ, ಫೋನನ್ನು ಗದಿಗೆವ್ವನ ಮುಂದಿಟ್ಟ.

"ಅವ್ವಾರ, ನಾ ನಿಮ್ಮ ಪೈಕಿ ಅಲ್ಲ, ಅಂಗಡಿ ಮಾಡಿದವನೂ ಅಲ್ಲ. ನೀವ ಹೇಳ್ರಿ. ಖಂಡೇಕ್ಕ ಕೂಡಿಸಿದ್ದು ಅರ್ಧಾ ಏಳತದೇನು?"

ಗದಿಗೆವ್ವನ ಮುಖದಲ್ಲಿ ಏನೋ ಸರಿದುಹೋಯಿತು. ಅವಳು ತಟ್ಟೆಯ ಕಡೆ ನೋಡಿದಳು, ಆಮೇಲೆ ಹೊರಗೆ ಆಡುತ್ತಿದ್ದ ತಕ್ಕಡಿಯ ಕಡೆ.

"ಏಳೂದಿಲ್ಲ," ಎಂದಳು ನಿಧಾನವಾಗಿ. "ಕುಂತರ ಎಲ್ಲಾ ಒಟ್ಟಿಗೆ, ಎದ್ದರ ಎಲ್ಲಾ ಒಟ್ಟಿಗೆ. ಮದವಿಯಾಗಿ ಬಂದಾಗಿಂದ ಹಂಗ ನೋಡೇನಿ. ಒಂದ ವರ್ಷ ಒಂದ ದಬ್ಬಣಾ ಮರತು ಉಳದಿತ್ತಂತ ನಮ್ಮ ಮಾವಾರು ಮತ್ತ ಕಾಯಿ ಒಡಿಸಿದ್ರು. ಅವತ್ತ ಈ ಮೆಸೇಜ್ ಬಂದಾಗ ನನ್ನ ಮನಸಿಗೆ ಕಸಿವಿಸಿ ಆಗಿತ್ತು. ಅವರ ಹೇಳ್ಯಾರ ಅಂತ ಸುಮ್ಮನಾದೆ."

"ಇದನ್ನ ಬರದಾಂವಗ ನಿಮ್ಮ ಪೂಜಿ ಗೊತ್ತದ, ಪೂಜಿ ಮ್ಯಾಲ ಭಕ್ತಿ ಇಲ್ಲ. ಅಂಗಡಿ ನಡದಿರಬೇಕು, ಅಂದ್ರ ಯಾರಿಗೂ ಸಂಶೇ ಬರೂದಿಲ್ಲ. ಕೀಲಿ ಮಾತ್ರ ಕುಂತಿರಬೇಕು, ಅಂದ್ರ ಮುನೀಮ ಹೇಳಿದಂಗ ಕುಣೀತಾನ. ಎಬ್ಬಸ್ರಿ ಅವ್ವಾರ ಅದನ್ನ. ಈ ಕ್ಷಣ ಎಬ್ಬಸ್ರಿ."

ಕೊಟ್ರೇಶ ನಡುವೆ ಬಂದ. ಹೊರಗಿನವರ ಮಾತು ಕೇಳಿ ದೇವರ ತಟ್ಟೆಗೆ ಕೈ ಹಾಕುವುದು ಬೇಡ, ಮಾವ ಬಂದು ಕೇಳಿದರೆ ಜವಾಬು ಯಾರು ಹೇಳುತ್ತಾರೆ ಎಂದ. ಅವನ ದನಿ ಏರಿತ್ತು. ಕುಂಬಳಕಾಯಿ ಕಳ್ಳ ಎಂದರೆ ಇವನೇಕೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತಾನೆ ಎಂದು ಅಣ್ಣಾಜಿ ಮನಸ್ಸಿನಲ್ಲೇ ಗಂಟು ಹಾಕಿಕೊಂಡ. ಅವನಿಗೆ ಆಗಲೇ ಖಾತ್ರಿಯಾಗಿತ್ತು, ಕಳ್ಳ ಇವನೇ.

ಗದಿಗೆವ್ವ ತಮ್ಮನನ್ನು ಕೈಸನ್ನೆಯಲ್ಲಿ ತಡೆದಳು. ಅವಳ ಕಣ್ಣು ತುಂಬಿದ್ದವು, ದನಿ ಮಾತ್ರ ಗಟ್ಟಿಯಾಗಿತ್ತು.

"ನೀವು ಶಾಣ್ಯಾರಿದ್ದೀರಿ, ಹೇಳ್ತೀರಿ. ನನ್ನ ಸಂಕಟಾ ನಿಮಗ ತಿಳೀದು. ಯಜಮಾನ್ರು ಎಬ್ಬಸೂ ಪೂಜಿ ಇದು. ಅವರಿಲ್ಲದ ನಾ ಎಬ್ಬಿಸಿದೆ ಅಂದ್ರ, ಅವರು ಇನ್ನ ಬರೂದಿಲ್ಲ ಅಂತ ನಾನ ಒಪ್ಪಿಕೊಂಡಂಗ ಆಗತೈತಿ. ನನ್ನ ಕೈಲೆ ಹೆಂಗ ಮಾಡ್ಲಿ ಅದನ್ನ?"

ಅಣ್ಣಾಜಿಗೆ ಹಾವೇರಿಯಲ್ಲಿ ತಾನು ಒಂದು ತಾಸು ತಡವಾದರೆ ಬಾಗಿಲಿಗೆ ಬಂದು ನಿಲ್ಲುವ ಹೆಂಡತಿ ಅನಸೂಯಾಬಾಯಿ ನೆನಪಾದಳು. ಹೇಳಬಾರದೆಂದು ಗೊತ್ತಿದ್ದೂ ಒಂದು ಮಾತು ಹೇಳಿದ. ಕೀಲಿ ಏಳದಿದ್ದರೆ ಕಳ್ಳ ಬಯಲಿಗೆ ಬರುವುದಿಲ್ಲ, ಎದ್ದರೆ ಅವನ ಕೈ ಕಟ್ಟಿದಂತೆ, ಕೈ ಕಟ್ಟಿದ ಕಳ್ಳ ಮಾತಿಗೆ ಬರಲೇಬೇಕು, ನಿಮ್ಮ ಯಜಮಾನರು ಸಿಗುವ ದಾರಿ ಇದೊಂದೇ. ಇದಕ್ಕೆ ನಾನು ಜವಾಬ್ದಾರ ಎಂದ.

ಹೊರಗೆ ಹಮಾಲನೊಬ್ಬ ತೂಕ ಕೂಗುತ್ತಿದ್ದ.

ಗದಿಗೆವ್ವ ಎದ್ದಳು. ಒಳಗಿನಿಂದ ತೆಂಗಿನಕಾಯಿ ತಂದು ತಾನೇ ಒಡೆದಳು. ತಟ್ಟೆಯಿಂದ ಕೀಲಿ ಎತ್ತಿ, ಸೆರಗಿನಿಂದ ಕುಂಕುಮ ಒರೆಸಿ, ಕಣ್ಣಿಗೊತ್ತಿಕೊಂಡು ಮಧುವಿನ ಕೈಗಿಟ್ಟಳು. ಕೈಗಿಡುವಾಗ ಮುಖ ಆ ಕಡೆ ತಿರುಗಿಸಿದ್ದಳು.

ಮಧು ಲ್ಯಾಪ್‌ಟಾಪಿಗೆ ಕೀಲಿ ಚುಚ್ಚಿದಳು. ಪುಟ್ಟ ಹಸಿರು ದೀಪ ಹೊತ್ತಿತು. ಅಣ್ಣಾಜಿ ಕೊಟ್ರೇಶನ ಮುಖವನ್ನೇ ನೋಡುತ್ತಿದ್ದ. ಈಗ ಬೆವರುತ್ತಾನೆ, ಈಗ ಓಡುತ್ತಾನೆ ಎಂದುಕೊಂಡಿದ್ದ.

"ನಮಸ್ಕಾರ್ರಿ," ಎಂದಿತು ಬೆಳಿಗ್ಗೆ ಲಾಡ್ಜಿನಲ್ಲಿ ಕೇಳಿದ್ದ ಅದೇ ಹದವಾದ ದನಿ. "ಕೀಲಿ ಬಂದೈತಿ. ಇನ್ನ ಮ್ಯಾಲ ಮೊದಲಿನಂಗ ಹೆಬ್ಬೆಟ್ಟು ಬೇಕು. ಈ ಸುದ್ದಿ ಯಜಮಾನ್ರ ಫೋನಿಗೂ ಕಳಿಸೇನಿ."

ಅಣ್ಣಾಜಿಗೆ ಗೆದ್ದೆ ಅನ್ನಿಸಿತು. ಗೆದ್ದ ಖುಷಿ ಒಂದು ಗುಟುಕು ನೀರು ಕುಡಿಯುವಷ್ಟು ಹೊತ್ತೂ ಬಾಳಲಿಲ್ಲ.

ಗದಿಗೆವ್ವನ ಫೋನು ಗುಂಯ್ ಎಂದಿತು. ಗಂಡನ ನಂಬರು. *ಕೀಲಿ ಎಬ್ಬಿಸಿದವರು ಯಾರು?*

ಕೊಟ್ರೇಶನ ಎರಡೂ ಕೈ ಖಾಲಿ ಇದ್ದವು. ಅವನ ಫೋನು ಇನ್ನೂ ಗದಿಗೆವ್ವನ ಮುಂದೆ ನೆಲದ ಮೇಲೇ ಇತ್ತು. ಅವನು ಬಾಯಿ ತೆರೆದುಕೊಂಡು ಅಕ್ಕನ ಕೈಯೊಳಗಿನ ಆ ಒಂದು ಸಾಲನ್ನು ನೋಡುತ್ತಿದ್ದ. ಬರೆಯುತ್ತಿದ್ದವನು ಬೇರೆ ಎಲ್ಲೋ ಕೂತಿದ್ದ. ಇಡೀ ಮಧ್ಯಾಹ್ನ ತಾನು ತಪ್ಪು ಮನುಷ್ಯನನ್ನು ನೋಡುತ್ತಿದ್ದೆ ಎಂದು ಅಣ್ಣಾಜಿಗೆ ತಿಳಿದದ್ದು ಆಗ.

"ಒಂದು ಪಾವತಿ ನಿಂತೈತ್ರಿ," ಎಂದು ಮುನೀಮ ಮುಂದುವರಿಸಿದ, ದಿನಾ ಅಂಗಡಿಯಲ್ಲಿ ಬಾಕಿ ಕೆಲಸ ಓದಿ ಹೇಳುವ ಧಾಟಿಯಲ್ಲೇ. "ಕಾಯೋ ಮನುಷ್ಯಾನ ಇವತ್ತಿನ ಪಗಾರ. ಹೆಬ್ಬೆಟ್ಟು ಹಚ್ಚರಿ."

"ಕಾಯೋ ಮನುಷ್ಯಾ ಅಂದ್ರ?" ಕೇಳಿದವಳು ಮಧು. ಅವಳ ಬೆರಳು ಕೀಲಿಯ ಮೇಲೇ ಇತ್ತು.

"ಖಂಡೇ ಪೂಜಿ ರಾತ್ರಿ ಫೋನಿನಿಂದ ಆಜ್ಞಾ ಬಂದಿತ್ರಿ. ಮರೆವಿನ ಜಡ್ಡು ಇರೋ ಹಿರಿಯರೊಬ್ಬರು ಒಂದು ಮನ್ಯಾಗ ಅದಾರ, ಅವರನ್ನ ಹೊರಗ ಬಿಡದಂಗ ನೋಡಿಕೊಳ್ಳಾಕ ಆಳು ಹುಡುಕು ಅಂತ. ಹುಡುಕಿದೆ. ದಿನಾ ಪಗಾರ ಮುಟ್ಟಿಸೇನಿ. ಪಗಾರ ಮುಟ್ಟದಿದ್ದ ದಿನ ಅಂವಾ ಕೆಲಸಾ ಬಿಡಬಹುದು ಅಂತ ಕರಾರು ಐತಿ. ದಿನಾ ಅಂವಾ ವರದಿ ಕಳಸ್ತಾನ. ಓದ್ಲಿ?"

ಓದು ಎಂದಳು ಮಧು. ಮುನೀಮ ಓದಿದ.

"‘ಅಜ್ಜಾರು ಇವತ್ತೂ ಚೀರಾಡಿದ್ರು. ನಾ ಹಾಲಸಿದ್ದಪ್ಪ, ಬ್ಯಾಡಗಿಯಾಂವಾ, ನನ್ನ ಕಟ್ಟಿಹಾಕ್ಯಾರ ಅಂತಾರ. ಏನ ಮಾಡ್ಲಿ?’ ಜಡ್ಡಿನವರು ಹಂಗ ಅಂತಾರ, ಲಕ್ಷ್ಯ ಕೊಡಬ್ಯಾಡ ಅಂತ ಉತ್ತರಾ ಕೊಡಾಕ ಆಜ್ಞಾ ಇತ್ತು. ಕೊಟ್ಟೇನಿ."

ಗದಿಗೆವ್ವ ಗೋಡೆ ಹಿಡಿದುಕೊಂಡಳು. ಅಳಲಿಲ್ಲ. ಇದ್ದಾರ, ಇದ್ದಾರ ಎಂದು ತುಟಿ ಅಲ್ಲಾಡಿದ್ದನ್ನು ಅಣ್ಣಾಜಿ ಕಂಡ. ಗಂಡ ಬದುಕಿದ್ದಾನೆ ಎಂಬುದನ್ನು ಅವಳು ಕೇಳಿದ್ದು ಹೀಗೆ.

ಅಣ್ಣಾಜಿಗೆ ಎಲ್ಲ ತಿಳಿಯಿತು. ಹಾಲಸಿದ್ದಪ್ಪನನ್ನು ಕಟ್ಟಿಹಾಕಿದ ಹಣವೇ ಅವನಿಗೆ ಅನ್ನ ನೀರು ಹಾಕುತ್ತಿತ್ತು. ಆ ಹಣದ ಕೈಯನ್ನು ಕಟ್ಟಿದವನು ತಾನು. ಅವಳು ಬೇಡ ಎಂದರೂ ಬಿಡದೆ, ಜವಾಬ್ದಾರ ನಾನು ಎಂದು ಎದೆ ತಟ್ಟಿ ಎಬ್ಬಿಸಿದ್ದ.

ಆ ಮನೆ ಎಲ್ಲಿದೆ, ಕಾಯುವವನ ಹೆಸರೇನು, ನಂಬರೇನು ಎಂದು ಅವನು ಒಂದೇ ಉಸಿರಿಗೆ ಕೇಳಿದ. ಬಾಕಿ ಓದುವುದು ತನ್ನ ಕೆಲಸ, ಹೆಸರು ವಿಳಾಸ ಕೊಡಲು ಯಜಮಾನರ ಹೆಬ್ಬೆಟ್ಟು ಬೇಕು ಎಂದ ಮುನೀಮ. ನಾನು ಕೊಡುತ್ತೇನೆ, ನನ್ನ ಖಾತೆಯಿಂದ ಕೊಡುತ್ತೇನೆ, ಎಲ್ಲಿಗೆ ಕಳಿಸಲಿ ಹೇಳು ಎಂದು ಕೊಟ್ರೇಶ ಲ್ಯಾಪ್‌ಟಾಪಿನ ಮುಂದೆ ಮೊಣಕಾಲೂರಿ ಅಂಗಲಾಚಿದ. ಅದಕ್ಕೂ ಹೆಬ್ಬೆಟ್ಟು.

ಗದಿಗೆವ್ವ ಮುಂದೆ ಬಂದು ಕೀಲಿಯನ್ನು ಕಿತ್ತಳು. ಓಡಿ ಹೋಗಿ ತಟ್ಟೆಯಲ್ಲಿಟ್ಟಳು, ಅದರ ಮೇಲೆ ಕುಂಕುಮ ಸುರಿದಳು, ಬಾಡಿದ ಹೂವನ್ನೇ ಬಾಚಿ ಮುಚ್ಚಿದಳು.

"ಮತ್ತ ಕೂಡಿಸೇನಿ ನೋಡಪಾ. ಪೂಜಿಗೆ ಕುಂತೈತಿ. ಮೊದಲಿನಂಗ ಕೊಡು ಅವಗ ಪಗಾರಾ."

"ಆ ಆಜ್ಞಾ ತೀರೇತ್ರಿ," ಎಂದ ಮುನೀಮ. "ಕೀಲಿ ಒಮ್ಮೆ ಬಂತು. ಪಾವತಿ ನಿಂತೈತಿ ಅಂತ ಕರಾರಿನಂಗ ಆ ಮನುಷ್ಯಾಗ ತಿಳಿಸೇನಿ. ಈಗ ಉತ್ತರಾ ಬಂದೈತಿ."

ಮಧು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು.

"‘ಪಗಾರ ಇಲ್ಲಂದ್ರ ಹೊತ್ತು ಮುಣಗೂದರೊಳಗ ಬೀಗಾ ಹಾಕಿ ನಾ ಊರಿಗೆ ಹೊಂಟೆ. ಅಜ್ಜಾರು ನೀರು ಕೇಳಾಕತ್ತಾರ. ಕೊಡಾ ಖಾಲಿ ಐತಿ. ತುಂಬಿಟ್ಟು ಹೋಗ್ಲೋ, ಹಂಗ ಹೋಗ್ಲೋ?’ ಉತ್ತರಾ ಕಳಸಾಕ ಹೆಬ್ಬೆಟ್ಟು ಹಚ್ಚರಿ."

ಕಿಟಕಿಯಾಚೆ ಬಿಸಿಲು ಆಗಲೇ ಚೀಲಗಳ ರಾಶಿಯ ಆ ಬದಿಗೆ ಇಳಿದಿತ್ತು.

ಗದಿಗೆವ್ವ ತಟ್ಟೆಯಿಂದ ಕೀಲಿಯನ್ನು ಮತ್ತೆ ತೆಗೆದಳು. ಯಾರಿಗೂ ಕೊಡಲಿಲ್ಲ. ಮಧು ಮಾಡಿದ್ದನ್ನು ನೋಡಿದ್ದಳಲ್ಲ, ಹಾಗೇ ತಾನೇ ಚುಚ್ಚಿದಳು. ಕುಂಕುಮ ಮೆತ್ತಿದ ತನ್ನ ಹೆಬ್ಬೆರಳನ್ನು ಅದರ ಮೇಲೆ ಒತ್ತಿ ಹಿಡಿದಳು. ಕೆಂಪು ದೀಪ. ಸೆರಗಿಗೆ ಒರೆಸಿಕೊಂಡು ಮತ್ತೆ ಒತ್ತಿದಳು. ಕೆಂಪು.

"ನೀರ ತುಂಬಿಡು ಅನ್ನಪಾ. ಅಷ್ಟರ ಹೇಳು," ಎಂದಳು ಅವಳು ಯಂತ್ರಕ್ಕೆ ಕೈ ಮುಗಿದು, ಮತ್ತೆ ಬೆರಳೊತ್ತಿ.

"ಈ ಹೆಬ್ಬೆಟ್ಟು ಯಜಮಾನ್ರದಲ್ಲರಿ ಅವ್ವಾರ," ಎಂದ ಮುನೀಮ, ಎಂದಿನ ಮರ್ಯಾದೆಯಲ್ಲೇ. "ಯಜಮಾನ್ರನ್ನ ಕರೀರಿ."